ನಂಬರ್ ಪ್ಲೇಟ್ ಓದುವ ಕ್ಯಾಮೆರಾ: ಓದಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಪ್ರಶ್ನೆ: ನಮ್ಮ ಬಡಾವಣೆಗೆ ಬರುವ ಎಲ್ಲ ದಾರಿಗಳಲ್ಲೂ ಪೊಲೀಸರು ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಲಿದ್ದಾರೆ. ಗಾಡಿಯ ನಂಬರ್ ದಾರಿಹೋಕರಿಗೆಲ್ಲ ಕಾಣುವಂಥದ್ದು. ಅದನ್ನು ಕ್ಯಾಮೆರಾ ಓದಿದರೆ ಖಾಸಗಿತನಕ್ಕೆ ಏನು ಧಕ್ಕೆ?

ಉತ್ತರ: ಒಮ್ಮೆ ಓದಿ ಬಿಟ್ಟರೆ ಹೆಚ್ಚೇನೂ ಇಲ್ಲ. ಓದಿದ್ದನ್ನೆಲ್ಲ ಕೂಡಿಡುವುದೇ ತೊಂದರೆ. ಗಾಡಿ ಹಾದುಹೋದಾಗಲೆಲ್ಲ ನಂಬರ್, ಫೋಟೊ, ಸಮಯ, ಜಾಗ, ಹೊರಟ ದಿಕ್ಕು ದಾಖಲಾಗುತ್ತವೆ. ಈಚಿನ ವ್ಯವಸ್ಥೆಗಳು ಬಣ್ಣ, ಮಾದರಿ, ಹಿಂಬದಿಯ ಸ್ಟಿಕ್ಕರ್‌ಗಳನ್ನೂ ಗುರುತಿಸುವುದರಿಂದ ನಂಬರ್ ಗೊತ್ತಿಲ್ಲದ ಗಾಡಿಯನ್ನೂ ಹುಡುಕಬಹುದು. ಯಾರು ಯಾವ ಆಸ್ಪತ್ರೆಗೆ, ಯಾವ ವಕೀಲರ ಬಳಿಗೆ, ಯಾವ ಪ್ರತಿಭಟನೆಗೆ ಹೋದರು ಎನ್ನುವುದು ಕೆಲವು ತಿಂಗಳ ದಾಖಲೆಯಿಂದ ತಾನಾಗಿ ಹೊರಬರುತ್ತದೆ. 15 ಲಕ್ಷ ಜನರ ಮೊಬೈಲ್ ಓಡಾಟದ ಮಾಹಿತಿ ಪರಿಶೀಲಿಸಿದ 2013ರ ಅಧ್ಯಯನವೊಂದರಲ್ಲಿ, ಹೆಸರಿಲ್ಲದಿದ್ದರೂ ಜಾಗ ಮತ್ತು ಸಮಯದ ಬರೀ 4 ಗುರುತುಗಳಿಂದ ಶೇ 95ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸಬಹುದು ಎಂದು ಕಂಡುಬಂತು. ನಂಬರ್ ಪ್ಲೇಟಿನ ವಿಷಯದಲ್ಲಿ ಅಷ್ಟು ಶ್ರಮವೂ ಬೇಕಿಲ್ಲ, ಮಾಲೀಕರ ಹೆಸರು ನೋಂದಣಿಯಲ್ಲೇ ಇದೆ.

ಲಾಸ್ ಏಂಜಲಿಸ್ ಪೊಲೀಸರ ಬಳಿ ಇಂಥ 32 ಕೋಟಿ ಚಿತ್ರಗಳಿದ್ದವು. ಚಿತ್ರ ತೆಗೆದ ಹೊತ್ತಿನಲ್ಲಿ ಅವುಗಳಲ್ಲಿ ಶೇ 99.9ರಷ್ಟು ಗಾಡಿಗಳು ಪೊಲೀಸರ ಹುಡುಕಾಟದ ಪಟ್ಟಿಯಲ್ಲಿ, ಅಂದರೆ ಕದ್ದ ಗಾಡಿಗಳಂಥವುಗಳ ನಂಬರ್ ಇರುವ ಪಟ್ಟಿಯಲ್ಲಿ, ಇರಲೇ ಇಲ್ಲ ಎಂದು ಕ್ಯಾಲಿಫೋರ್ನಿಯಾದ ರಾಜ್ಯ ಲೆಕ್ಕಪರಿಶೋಧಕರು 2020ರಲ್ಲಿ ವರದಿ ಮಾಡಿದರು. ಜರ್ಮನಿಯ ಸಂವಿಧಾನ ನ್ಯಾಯಾಲಯವಂತೂ 2018ರಲ್ಲಿ ಇನ್ನೂ ಮುಂದೆ ಹೋಗಿ, ಪಟ್ಟಿಯಲ್ಲಿಲ್ಲದ ನಂಬರನ್ನು ಕೂಡಲೇ ಅಳಿಸಿದರೂ ತಾಳೆ ನೋಡಿದ್ದೇ ಆ ವ್ಯಕ್ತಿಯ ಹಕ್ಕಿನಲ್ಲಿ ಹಸ್ತಕ್ಷೇಪ ಎಂದಿತು. ಆಕ್ಷೇಪಿಸುವವರನ್ನು ಗಾಬರಿಗೆಟ್ಟವರು ಎಂದು ತಳ್ಳಿಹಾಕುವಂತಿಲ್ಲ.

ಪ್ರಶ್ನೆ: ಈ ಕ್ಯಾಮೆರಾಗಳ ಬಗ್ಗೆ ನಡೆಯುವ ಸಭೆಯಲ್ಲಿ ಅಧಿಕಾರಿಗಳಿಗೆ ಏನು ಕೇಳಬೇಕು? 'ಮಾಹಿತಿ ಸುರಕ್ಷಿತವಾಗಿದೆ' ಎಂಬ ಉತ್ತರವಷ್ಟೇ ಸಿಗುತ್ತಿದೆ.

ಉತ್ತರ: 'ಸುರಕ್ಷಿತವೇ?' ಎಂದರೆ ಆ ಉತ್ತರವೇ ಬರುತ್ತದೆ. ಅಂಕಿ, ಹುದ್ದೆ, ದಿನ ಹೇಳಲೇಬೇಕಾದಂಥ ಪ್ರಶ್ನೆ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಮೊದಲು ಕೇಳಬೇಕಾದ್ದು, ಪಟ್ಟಿಗೆ ತಾಳೆಯಾಗದ ಗಾಡಿಗಳ ದಾಖಲೆ ಎಷ್ಟು ದಿನಕ್ಕೆ ಅಳಿಯುತ್ತದೆ ಎಂದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನು 3 ನಿಮಿಷ ಕೊಡುತ್ತದೆ. ಬ್ರಿಟನ್ ಪೊಲೀಸರು 12 ತಿಂಗಳವರೆಗೆ ಇಟ್ಟುಕೊಳ್ಳುತ್ತಾರೆ. ಇಷ್ಟು ಅಂತರ ಇರುವುದರಿಂದಲೇ 'ತಂತ್ರಜ್ಞಾನಕ್ಕೆ ಇದು ಅನಿವಾರ್ಯ' ಎಂಬ ಮಾತು ನಿಲ್ಲುವುದಿಲ್ಲ. ಕದ್ದ ಗಾಡಿ ಹಿಡಿಯಲು ಹಳೆಯ ದಾಖಲೆ ಬೇಕಿಲ್ಲ, ಆ ಕ್ಷಣದ ತಾಳೆ ಸಾಕು. ಹಳೆಯ ದಾಖಲೆ ಬೇಕಾಗುವುದು ಅಪರಾಧ ನಡೆದ ಮೇಲೆ ಹಿಂದಿರುಗಿ ಹುಡುಕಲು. ಎರಡೂ ಬೇರೆ ಬೇರೆ ಅಧಿಕಾರ. ಒಂದನ್ನು ತೋರಿಸಿ ಇನ್ನೊಂದಕ್ಕೆ ಒಪ್ಪಿಗೆ ಪಡೆಯುವುದು ಮಾಮೂಲು, ಎಚ್ಚರವಿರಲಿ.

ಆಮೇಲೆ ಯಾರು ಹುಡುಕಬಹುದು ಎಂಬುದು. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ಇದೆಯೇ, ಠಾಣೆಗೆಲ್ಲ ಒಂದೇ ಪಾಸ್‌ವರ್ಡೇ? ಹುಡುಕುವ ಮುನ್ನ ಪ್ರಕರಣದ ಸಂಖ್ಯೆ ಕಡ್ಡಾಯವೇ? ಕಾರಣದ ಜಾಗದಲ್ಲಿ 'ತನಿಖೆ' ಎಂದು ಬರೆದರೆ ಸಾಕಾಗುವುದಾದರೆ, ಯಾರು ಯಾವಾಗ ಯಾಕೆ ಹುಡುಕಿದರು ಎಂದು ದಾಖಲಿಸುವ ಲಾಗ್ ಇದ್ದೂ ಇಲ್ಲದಂತೆ. ಲಾಗ್ ಇದೆ ಎಂದಾಗ ಅದನ್ನು ತಿಂಗಳಿಗೊಮ್ಮೆ ತೆರೆದು ನೋಡುವವರು ಯಾರು, ಅವರು ಆ ಠಾಣೆಯವರೇ ಅಥವಾ ಹೊರಗಿನವರೇ ಎಂದೂ ಕೇಳಿ. 2022ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ದೂರವಾಗಿದ್ದ ಹೆಂಡತಿಯ ಜಾಡು ಹಿಡಿಯಲು ಇಂಥ ಕ್ಯಾಮೆರಾಗಳನ್ನು ಬಳಸಿ ಬಂಧನಕ್ಕೊಳಗಾದರು. ಹುಡುಕಲು ಪರವಾನಗಿ ಇದ್ದವರೇ ದಾರಿ ತಪ್ಪಿದರೆ ಹ್ಯಾಕರ್‌ಗಳ ವಿರುದ್ಧದ ಯಾವ ಭದ್ರತೆಯೂ ಕೆಲಸಕ್ಕೆ ಬರದು.

ಕ್ಯಾಮೆರಾ ಕಂಪನಿಯ ಜೊತೆಗಿನ ಒಪ್ಪಂದದ ಪ್ರತಿಯನ್ನೂ ಕೇಳಿ ಪಡೆಯಿರಿ. ಮಾಹಿತಿಯ ಒಡೆತನ ಪೊಲೀಸರದೋ ಕಂಪನಿಯದೋ, ಕಂಪನಿ ಅದನ್ನು ತನ್ನ ಸಾಫ್ಟ್‌ವೇರ್ ಸುಧಾರಣೆಗೆ ಬಳಸಬಹುದೋ, ಒಪ್ಪಂದ ಮುಗಿದ ಮೇಲೆ ಬ್ಯಾಕಪ್ ಪ್ರತಿಗಳೂ ಅಳಿಯುತ್ತವೆಯೋ ನೋಡಿ. ಹೊರಗಿನ ಇಲಾಖೆಗಳ ಜೊತೆ ಹಂಚಿಕೆಯ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಆಗಿದ್ದರೆ ನಿಮ್ಮೂರಿನ ನಿಯಮ ಎಷ್ಟೇ ಬಿಗಿಯಾಗಿದ್ದರೂ ಹಂಚಿಹೋದ ಪ್ರತಿಗೆ ಅದು ಅನ್ವಯಿಸದೆ ಹೋಗಬಹುದು.

ಪ್ರಶ್ನೆ: ಕ್ಯಾಮೆರಾ ತಪ್ಪಾಗಿ ಓದಿದರೆ?

ಉತ್ತರ: ಓದುತ್ತದೆ. 0, O, D ನಡುವೆ, 8 ಮತ್ತು B ನಡುವೆ ಗೊಂದಲ ಸಾಮಾನ್ಯ. ಕೆಸರು, ಮಳೆ, ವಾರೆ ಕೋನ, ಅಲಂಕಾರದ ಅಕ್ಷರ ಸೇರಿದರೆ ಇನ್ನೂ ಕಷ್ಟ. ದಿನಕ್ಕೆ 20,000 ಗಾಡಿ ಹಾದುಹೋಗುವ ಕಡೆ ಶೇ 1ರಷ್ಟು ತಪ್ಪಾದರೂ 200 ತಪ್ಪು ನಂಬರ್. ಹೆಚ್ಚಿನವು ಯಾವ ಪಟ್ಟಿಗೂ ತಾಳೆಯಾಗದೆ ಹೋಗುತ್ತವೆ, ಆದರೆ ಪಟ್ಟಿ ಉದ್ದವಾದಷ್ಟೂ ಅಪಾಯ ಹೆಚ್ಚು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಯಾಮೆರಾ 3 ಅನ್ನು 7 ಎಂದು ಓದಿತು. ಕದ್ದದ್ದು ಟ್ರಕ್, ತಡೆದದ್ದು ಕಾರು, ಆದರೂ ಪೊಲೀಸರು ಚಾಲಕಿಯತ್ತ ಬಂದೂಕು ಗುರಿಯಿಟ್ಟರು. 2020ರಲ್ಲಿ ಕೊಲರಾಡೊದ ಅರೋರಾದಲ್ಲಿ ಪೊಲೀಸರು ತಡೆದ ಕಾರಿನ ನಂಬರ್ ಸರಿಯಾಗಿಯೇ ಇತ್ತು, ಆದರೆ ಕಳವಾದದ್ದು ಬೇರೆ ರಾಜ್ಯದ ಅದೇ ನಂಬರಿನ ಮೋಟಾರ್‌ಸೈಕಲ್. ಮಕ್ಕಳನ್ನೂ ನೆಲಕ್ಕೆ ಮಲಗಿಸಿದ ಆ ಪ್ರಕರಣಕ್ಕೆ ನಗರಾಡಳಿತ 19 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು.

ಎರಡು ಕಡೆಯೂ ಯಂತ್ರಕ್ಕಿಂತ ದೊಡ್ಡ ಲೋಪ ಮನುಷ್ಯರದು. ಹಾಗಾಗಿ ಲಿಖಿತ ನಿಯಮದಲ್ಲಿ ಇಷ್ಟಾದರೂ ಇರಬೇಕು: ಗಾಡಿ ತಡೆಯುವ ಮುನ್ನ ಪ್ಲೇಟನ್ನು ಕಣ್ಣಾರೆ ಓದುವುದು, ಗಾಡಿಯ ಬಗೆ ಮತ್ತು ನೋಂದಣಿಯ ಪ್ರದೇಶವನ್ನು ಹೋಲಿಸುವುದು, ಪಟ್ಟಿಯಲ್ಲಿ ಆ ನಮೂದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ವೈರ್‌ಲೆಸ್‌ನಲ್ಲಿ ಕೇಳುವುದು. ಸಿಕ್ಕಿದ ಗಾಡಿಯ ನಂಬರನ್ನು ಪಟ್ಟಿಯಿಂದ ತೆಗೆಯಲು ಮರೆತರೆ ಸ್ವಂತ ಮಾಲೀಕರೇ ಕಳ್ಳರೆಂದು ನಿಲ್ಲಬೇಕಾಗುತ್ತದೆ.

ನಿಮ್ಮನ್ನೇ ತಪ್ಪಾಗಿ ತಡೆದರೆ ಅಲ್ಲಿ ವಾದ ಬೇಡ, ಕೈಗಳು ಕಾಣುವಂತಿರಲಿ. ಆದರೆ ಮರುದಿನವೇ ಜಾಗ, ಸಮಯ, ನಂಬರ್ ನಮೂದಿಸಿ, ಆ ಚಿತ್ರ ಮತ್ತು ಎಚ್ಚರಿಕೆಯ ದಾಖಲೆಯನ್ನು ಅಳಿಸಬೇಡಿ ಎಂದು ಬರಹದಲ್ಲಿ ಕೇಳಿ ಸ್ವೀಕೃತಿ ಪಡೆಯಿರಿ. ಬೇಗ ಅಳಿಸುವ ನಿಯಮ ಒಳ್ಳೆಯದೇ, ಆದರೆ ಅದು ನಿಮ್ಮ ಸಾಕ್ಷ್ಯವನ್ನೂ ಅಷ್ಟೇ ಬೇಗ ಅಳಿಸುತ್ತದೆ.

ಪ್ರಶ್ನೆ: ಪ್ಲೇಟಿಗೆ ಸ್ಪ್ರೇ ಹೊಡೆದರೆ ಕ್ಯಾಮೆರಾಗೆ ಕಾಣುವುದಿಲ್ಲವಂತೆ, ನಿಜವೇ?

ಉತ್ತರ: ನಂಬಬೇಡಿ. ಈ ಕ್ಯಾಮೆರಾಗಳು ಸಾಮಾನ್ಯವಾಗಿ ಇನ್ಫ್ರಾರೆಡ್ ಬೆಳಕು ಬಿಟ್ಟು, ಪ್ಲೇಟಿನಿಂದ ಮರಳುವ ಪ್ರತಿಫಲನದಲ್ಲಿ ಅಕ್ಷರ ಓದುತ್ತವೆ. ಫ್ಲ್ಯಾಶ್ ಫೋಟೊ ಕೆಡಿಸಲೆಂದು ಮಾರುವ ಹೊಳಪಿನ ಲೇಪ ಅಲ್ಲಿ ಲೆಕ್ಕಕ್ಕಿಲ್ಲ. ಓದಲಾಗದಂತೆ ಪ್ಲೇಟ್ ಮರೆಮಾಡುವುದು ಬಹುತೇಕ ಕಡೆ ಅಪರಾಧ. ಇಷ್ಟು ಹೊತ್ತೂ ನಿಮ್ಮನ್ನು ತಡೆಯಲು ಕಾರಣವಿಲ್ಲದಿದ್ದ ಪೊಲೀಸರಿಗೆ ನೀವಾಗಿ ಒಂದು ಕಾರಣ ಕೊಟ್ಟಂತೆ.