‘ಸೈನಿಕ ಕೋಶ’ ಎಂದರೆ ಯಾವುದು?

ಪ್ರಿಯರೇ,

ಆಹಾರದಿಂದ ಕೆರಳುವ ಇಸುಬಿನಲ್ಲಿ ರಕ್ಷಣಾ ಕೋಶಗಳ ಪಾತ್ರವನ್ನು ಕುರಿತು ನೀವು ಉಡುಪಿಯ ನಮ್ಮ ಮಾಸಪತ್ರಿಕೆಗೆ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸ್ವಚ್ಛವಾಗಿದೆ, ಮಲ್ಪೆಯ ಮಗುವೊಂದು ರಾತ್ರಿಯಿಡೀ ಮೊಣಕಾಲಿನ ಸಂದು ಕೆರೆದುಕೊಳ್ಳುವ ಆರಂಭದ ಚಿತ್ರ ಮನಮುಟ್ಟಿತು. ಆದರೆ ಎರಡು ವಾಕ್ಯಗಳು ನನ್ನನ್ನು ತಡೆದು ನಿಲ್ಲಿಸಿದವು.

“ರೋಗನಿರೋಧಕ ಶಕ್ತಿ ಕುಂದಿದಾಗ ನಂಜಿನ ಆಹಾರ ಇಸುಬಾಗಿ ಹೊರಬೀಳುತ್ತದೆ” ಎಂದಿದ್ದೀರಿ. ಇಸುಬಿನ ಚರ್ಮದಲ್ಲಿ ರಕ್ಷಣಾ ಕೋಶಗಳು ಬೇಕಾದುದಕ್ಕಿಂತ ಹೆಚ್ಚು ದುಡಿಯುತ್ತಿರುತ್ತವೆ. ಕುಂದಿರುವುದು ಹೊರಪದರದ ಬಿಗಿ. ಮನೆಯ ದೂಳಿನಲ್ಲಿ, ಮಗುವನ್ನು ಎತ್ತಿಕೊಂಡವರ ಕೈಯಲ್ಲಿ ಉಳಿದ ಆಹಾರದ ಪ್ರೊಟೀನು ಆ ಬಿರುಕಿನಿಂದ ಒಳಹೊಕ್ಕಾಗ ಹೊರಗಿನ ವಸ್ತುವನ್ನು ಹಿಡಿಯುವ ಡೆಂಡ್ರಿಟಿಕ್ ಕೋಶಗಳು ಅದನ್ನು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅವುಗಳಲ್ಲಿ ಟಿಎಚ್2 ಬಗೆಯವು ಸ್ರವಿಸುವ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಸಂದೇಶ ಪ್ರೊಟೀನುಗಳು, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಂದ ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯ ಮಾಡಿಸುವುದಲ್ಲದೆ, ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಪ್ರೊಟೀನನ್ನೂ ತಗ್ಗಿಸುತ್ತವೆ. ಬಿರುಕು ಇನ್ನಷ್ಟು ಹಿಗ್ಗುತ್ತದೆ. ‘ನಂಜು’ ನಮ್ಮ ಕರಾವಳಿಯ ಅಡುಗೆಮನೆಯ ಮಾತು, ನನಗೂ ಪ್ರಿಯ. ಆದರೆ ಸಿಗಡಿ, ಬದನೆಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟುವ ಆ ಪದ ಇಷ್ಟೆಲ್ಲವನ್ನು ಹೇಳಲಾರದು.

“ಸಿಗಡಿ ತಿಂದ ಹತ್ತೇ ನಿಮಿಷದಲ್ಲಿ ಸೈನಿಕ ಕೋಶಗಳು ದಾಳಿಯಿಟ್ಟು ಇಸುಬು ಎಬ್ಬಿಸುತ್ತವೆ.” ಯಾವ ಕೋಶಗಳು? ಹತ್ತು ನಿಮಿಷದಲ್ಲಿ ಏಳುವುದು ಪಿತ್ತದ ಗಂಧೆ; ಐಜಿಇ ಹೊತ್ತ ಮಾಸ್ಟ್ ಎಂಬ ರಕ್ಷಣಾ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಚೆಲ್ಲುವುದರಿಂದ ಅದು ಬರುತ್ತದೆ. ಇಸುಬು ಕೆರಳುವುದು ಸಾಮಾನ್ಯವಾಗಿ 6ರಿಂದ 48 ಗಂಟೆಗಳ ನಂತರ, ಟಿ ಕೋಶಗಳಿಂದ. ಹಾಲಿನಿಂದ ಇಸುಬು ಕೆರಳುವ ಮಕ್ಕಳಲ್ಲಿ ಹಾಲಿಗೆ ಸ್ಪಂದಿಸುವ ಟಿ ಕೋಶಗಳು ಚರ್ಮದ ದಾರಿ ಹಿಡಿಸುವ ಸಿಎಲ್‌ಎ ಗುರುತನ್ನು ಹೊತ್ತಿರುತ್ತವೆ ಎಂಬುದು 1995ರಲ್ಲೇ ಪ್ರಕಟವಾಗಿತ್ತು. ಹೊಟ್ಟೆಗೆ ಹೋದದ್ದು ಚರ್ಮದಲ್ಲೇಕೆ ಕಾಣಿಸಿಕೊಳ್ಳುತ್ತದೆ ಎಂಬ ನಿಮ್ಮದೇ ಪ್ರಶ್ನೆಗೆ ಇದು ಉತ್ತರದ ಒಂದು ಭಾಗ.

ಮಂಗಳೂರಿನ ಪತ್ರಿಕೆಯೊಂದರಲ್ಲಿ ಕಲಿಯುತ್ತಿದ್ದಾಗ ನಾನೂ ಮಲೇರಿಯಾದ ಬಗ್ಗೆ “ರೋಗಾಣು ರಕ್ತವನ್ನು ಆಕ್ರಮಿಸುತ್ತದೆ” ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರು ಆ ಕ್ರಿಯಾಪದದ ಕೆಳಗೆ ಗೆರೆ ಎಳೆದು, “ಯಾವ ಕೋಶದೊಳಗೆ? ಕಚ್ಚಿದ ಎಷ್ಟು ದಿನಕ್ಕೆ?” ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಮೊದಲು ಯಕೃತ್ತು, ಆಮೇಲೆ ಕೆಂಪು ರಕ್ತಕಣ ಎಂಬುದು ನನಗೆ ತಿಳಿದಿರಲಿಲ್ಲ. ‘ಆಕ್ರಮಣ’ ಅದನ್ನು ಮುಚ್ಚಿಟ್ಟಿತ್ತು.

ನಿಮ್ಮ ಲೇಖನದಲ್ಲಿ ಆ ಮುಚ್ಚಿಗೆಯಿಂದ ಅಪಾಯವೂ ಇದೆ. ಹೊತ್ತಿನ ಲೆಕ್ಕ ತಪ್ಪಿದರೆ ತಾಯಿ ಕೊನೆಯ ಊಟವನ್ನೇ ದೂರುತ್ತಾಳೆ. ಹಾಲು, ಮೊಟ್ಟೆ, ಮೀನು ಎಲ್ಲವನ್ನೂ ನಿಲ್ಲಿಸಿರಿ ಎಂಬ ನಿಮ್ಮ ಕೊನೆಯ ಸಲಹೆ ಅವಳಿಗೆ ಸರಿಯೆನಿಸುತ್ತದೆ. ಇಸುಬಿರುವ ಎಲ್ಲ ಮಕ್ಕಳಿಗೂ ಆಹಾರ ಕಾರಣವಲ್ಲ. ವೈದ್ಯರ ಪರೀಕ್ಷೆಯಿಲ್ಲದೆ ನಿಲ್ಲಿಸಿದರೆ ಬೆಳವಣಿಗೆ ಕುಂಠಿತವಾಗಬಹುದು. ಬಹುಕಾಲ ಬಿಟ್ಟ ಆಹಾರವನ್ನು ಮತ್ತೆ ಕೊಟ್ಟಾಗ ಕೆಲವು ಮಕ್ಕಳಲ್ಲಿ ತೀವ್ರ ಅಲರ್ಜಿ ತಟ್ಟನೆ ಕಾಣಿಸಿಕೊಂಡದ್ದೂ ಇದೆ. ಆ ಸಲಹೆಯನ್ನು ಹೊಡೆದುಹಾಕಿ, ಕೋಶದ ಹೆಸರು ಮತ್ತು ಗಂಟೆಯ ಲೆಕ್ಕದೊಂದಿಗೆ ಲೇಖನವನ್ನು ಮತ್ತೆ ಕಳುಹಿಸಿರಿ.

— ಸಂಪಾದಕ