ಕ್ಯಾಪ್ಟನ್‌ಗೆ ಕೇಳಿ: ಏಡನ್ ಕೊಲ್ಲಿಯಲ್ಲಿ ಕಾಯುವವರು ಯಾರು?

(ಸರಕು ಹಡಗಿನ ನಿವೃತ್ತ ಕ್ಯಾಪ್ಟನ್ ಒಬ್ಬರು ಕಡಲಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಮಗ ಡೆಕ್ ಕೆಡೆಟ್ ಆಗಿ ಹಡಗು ಹತ್ತಿದ್ದಾನೆ. ಬಾವುಟ ಪನಾಮಾದ್ದು, ಕಂಪನಿ ಗ್ರೀಸಿನದು, ಕ್ಯಾಪ್ಟನ್ ಫಿಲಿಪೀನ್ಸಿನವರಂತೆ. ಮುಂದಿನ ತಿಂಗಳು ಯೆಮೆನ್, ಸೊಮಾಲಿಯಾ ನಡುವಿನ ಏಡನ್ ಕೊಲ್ಲಿ ದಾಟಬೇಕಂತೆ. ಕಡಲ್ಗಳ್ಳರು ಬಂದರೆ ಇವರಲ್ಲಿ ಯಾರ ದೇಶದವರು ಓಡಿ ಬರುತ್ತಾರೆ?
– ಒಬ್ಬ ತಾಯಿ, ಕುಮಟಾ

ಅಮ್ಮಾ, ಹತ್ತಿರ ಯಾರಿದ್ದಾರೋ ಅವರು ಬರುತ್ತಾರೆ. ಬಾವುಟ ನೋಡಿಕೊಂಡು ಯಾರೂ ಬರುವುದಿಲ್ಲ.

2023ರ ಡಿಸೆಂಬರಿನಲ್ಲಿ ಸೊಮಾಲಿಯಾದ ಕಳ್ಳರು ‘ರುಯೆನ್’ ಎಂಬ ಹಡಗು ಹಿಡಿದರು. ಬಾವುಟ ಮಾಲ್ಟಾದ್ದು, ನಡೆಸುವವರು ಬಲ್ಗೇರಿಯಾದವರು, ಹಡಗಿನಲ್ಲಿದ್ದವರು ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲದವರು. ನಮ್ಮವರು ಒಬ್ಬರೂ ಇಲ್ಲ. ಮೂರು ತಿಂಗಳ ಮೇಲೆ, 2024ರ ಮಾರ್ಚಿನಲ್ಲಿ, ಅದನ್ನು ಬಿಡಿಸಿದ್ದು ನಮ್ಮ ಐಎನ್‌ಎಸ್ ಕೋಲ್ಕತಾ. ವಾಯುಪಡೆಯ ಸಿ-17 ವಿಮಾನದಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ದೋಣಿ ಸಮೇತ ಸಮುದ್ರಕ್ಕೆ ಇಳಿದರು. ಸುಮಾರು 40 ಗಂಟೆ ನಡೆದ ಕಾರ್ಯಾಚರಣೆಯಲ್ಲಿ 35 ಕಳ್ಳರು ಶರಣಾದರು, 17 ನಾವಿಕರು ಗಾಯವಿಲ್ಲದೆ ಹೊರಬಂದರು. ಅದೇ ವರ್ಷ ಜನವರಿಯಲ್ಲಿ ‘ಅಲ್ ನಯೀಮಿ’ ಎಂಬ ಮೀನುಗಾರಿಕೆ ದೋಣಿಯಿಂದ ನಮ್ಮ ಐಎನ್‌ಎಸ್ ಸುಮಿತ್ರಾ ಬಿಡಿಸಿದ್ದು 19 ಪಾಕಿಸ್ತಾನಿಗಳನ್ನು.

ಹಾಗೇ ಬೇರೆಯವರೂ ಬರುತ್ತಾರೆ. 2025ರ ನವೆಂಬರಿನಲ್ಲಿ ಗುಜರಾತಿನ ಸಿಕ್ಕಾದಿಂದ ಪೆಟ್ರೋಲ್ ತುಂಬಿಕೊಂಡು ಡರ್ಬನ್ನಿಗೆ ಹೊರಟಿದ್ದ ‘ಹೆಲಾಸ್ ಆಫ್ರೊಡೈಟಿ’ ಟ್ಯಾಂಕರನ್ನು ಕಳ್ಳರು ಹತ್ತಿದಾಗ ಬಂದದ್ದು ಸ್ಪೇನಿನ ಯುದ್ಧನೌಕೆ. ಅಷ್ಟು ಹೊತ್ತೂ 24 ಜನ ‘ಸಿಟಡೆಲ್’ನಲ್ಲಿ ಒಳಗಿಂದ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದರು. ಕಳ್ಳರು ಬಂದರೆ ಅಡಗಲೆಂದೇ ಹಡಗಿನೊಳಗೆ ಗಟ್ಟಿ ಮಾಡಿಟ್ಟ ಕೋಣೆ ಅದು. ನಾವಿಕರು ಕೈಗೆ ಸಿಗದಿದ್ದರೆ ಕಳ್ಳರಿಗೆ ಒತ್ತೆಯಾಳೂ ಇಲ್ಲ, ಚೌಕಾಶಿಯೂ ಇಲ್ಲ.

ದೇಶದೇಶಗಳ ನಡುವೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಅನ್ನಬೇಡಿ. ಪ್ರೀತಿ ಇಲ್ಲ, ಟೈಮ್‌ಟೇಬಲ್ ಇದೆ. 2011ರಲ್ಲಿ, ಕಾಟ ಮಿತಿಮೀರಿದ್ದಾಗ, ನಾನು ಆ ದಾರಿಯಲ್ಲಿ ಹಡಗು ನಡೆಸಿದವನು. ಸುತ್ತ ಮುಳ್ಳುತಂತಿ, ನೀರು ಚಿಮ್ಮುವ ಬೆಂಕಿ ಹೋಸುಗಳು, ರೇಲಿಂಗಿಗೆ ಬಾಯ್ಲರ್ ಸೂಟ್ ತೊಡಿಸಿದ ಬೊಂಬೆಗಳು. (ಗದ್ದೆಯ ಬೆರ್ಚಪ್ಪನೇ ಸೈ.) ಆದರೆ ನನಗೆ ನಿಜವಾಗಿ ಧೈರ್ಯ ಕೊಟ್ಟದ್ದು ಬೇರೆ. ಏಡನ್ ಕೊಲ್ಲಿಯ ನಡುವೆ ಹೋಗುವವರಿಗೊಂದು, ಬರುವವರಿಗೊಂದು ಓಣಿ ಗುರುತು ಮಾಡಿದ್ದರು. ಹಡಗುಗಳನ್ನು ವೇಗದ ಪ್ರಕಾರ ಗುಂಪು ಮಾಡಿ, 10 ನಾಟಿನವು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಮೊದಲು, 18 ನಾಟಿನವು ಕೊನೆಗೆ, ತೀರಾ ಅಪಾಯದ ಜಾಗವನ್ನು ಎಲ್ಲವೂ ರಾತ್ರಿಯೇ ದಾಟುವಂತೆ ಹೊರಡಿಸುತ್ತಿದ್ದರು. ದಿನವೂ ದುಬೈಯಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಕಚೇರಿಗೆ ನಾವಿರುವ ಜಾಗ ಹೇಳಬೇಕು. ಯುರೋಪಿನವರು, ಅಮೆರಿಕದ ಕೂಟ, ನಮ್ಮವರು, ಚೀನಾದವರು, ಜಪಾನಿನವರು ಬಹರೇನ್‌ನಲ್ಲಿ ಸೇರಿ ಮಾತಾಡುತ್ತಿದ್ದರು. 2012ರಿಂದ ಭಾರತ, ಚೀನಾ, ಜಪಾನ್ ತಮ್ಮ ಬೆಂಗಾವಲಿನ ವೇಳಾಪಟ್ಟಿಯನ್ನೂ ಹೊಂದಿಸಿಕೊಂಡವು. ಗಡಿಯಲ್ಲಿ ಮುಖ ಗಂಟಿಕ್ಕಿ ನಿಂತವರೇ 2017ರ ಏಪ್ರಿಲಿನಲ್ಲಿ ‘ಓಎಸ್ 35’ ಹಡಗಿನ ಮೇಲೆ ಒಟ್ಟಿಗೆ ಕೆಲಸ ಮಾಡಿದರು: ಹಡಗು ಹತ್ತಿದ್ದು ಚೀನೀಯರು, ಮೇಲಿಂದ ಕಾವಲಿದ್ದದ್ದು ನಮ್ಮ ಹೆಲಿಕಾಪ್ಟರ್.

ಮಗನಿಗೆ ಎರಡು ಮಾತು ಕೇಳಿ: ಹಡಗಿನ ವೇಗ ಎಷ್ಟು, ಸಿಟಡೆಲ್ ಡ್ರಿಲ್ ಆಯಿತಾ? 18 ನಾಟಿಗಿಂತ ಜೋರಾಗಿ ಓಡುವ ಹಡಗು ಹತ್ತುವುದು ಬಲು ಕಷ್ಟ. ಎಲ್ಲಿದ್ದೀಯ ಎಂದು ವಾಟ್ಸಾಪಿನಲ್ಲಿ ಕೇಳಿದರೆ ಅವನು ಹೇಳದಿರಬಹುದು. ಬೇಸರ ಬೇಡ, ಹೇಳಬಾರದು ಎಂದೇ ಕಲಿಸಿರುತ್ತಾರೆ. ಒಂದು ಮಾತು ಬಿಡಿಸಿ ಹೇಳಬೇಕು: ಇದೆಲ್ಲ ಕಳ್ಳರ ವಿಷಯ. ಕೆಂಪು ಸಮುದ್ರದಲ್ಲಿ ಯೆಮೆನ್ನಿನ ಹೌತಿ ಬಂಡುಕೋರರು ಬಿಡುವ ಕ್ಷಿಪಣಿಗೆ ಮುಳ್ಳುತಂತಿ ಅಡ್ಡ ಬರುವುದಿಲ್ಲ.

ಪ್ರಶ್ನೆ: ಹಿಡಿದ ಕಳ್ಳರನ್ನು ಮುಂಬೈಗೆ ತಂದು ನಮ್ಮ ದುಡ್ಡಿನಲ್ಲಿ ಯಾಕೆ ಊಟ ಹಾಕಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಮತ್ತೇನು ಮಾಡೋಣ ಸ್ವಾಮಿ? ಬಹಳ ವರ್ಷ ಹಲವು ದೇಶಗಳ ನೌಕಾಪಡೆಗಳು ಬಂದೂಕು ಕಿತ್ತು ಸಮುದ್ರಕ್ಕೆಸೆದು, ಕಳ್ಳರನ್ನು ಹಾಗೇ ಬಿಟ್ಟು ಕಳಿಸುತ್ತಿದ್ದವು. ಅವರು ಮುಂದಿನ ವಾರ ಹೊಸ ಬಂದೂಕು ಹಿಡಿದು ಬರುತ್ತಿದ್ದರು. ವಿಶ್ವಸಂಸ್ಥೆಯ ಕಡಲ ಕಾನೂನಿನ 105ನೇ ವಿಧಿ ಪ್ರಕಾರ ಹಿಡಿದ ದೇಶವೇ ವಿಚಾರಣೆ ಮಾಡಬಹುದು. ಆದರೆ ಮಾಡಲು ಯಾರಿಗೂ ಮನಸ್ಸಿರಲಿಲ್ಲ. ಕೀನ್ಯಾ, ಸೆಷೆಲ್ಸ್‌ನಂಥ ಸಣ್ಣವರ ಹೆಗಲಿಗೆ ದೊಡ್ಡವರು ಆ ಹೊರೆ ಹೊರಿಸಿದರು. ನಮ್ಮಲ್ಲೂ ಕಡಲ್ಗಳ್ಳತನಕ್ಕೆಂದೇ ಸಂಸತ್ತು ಕಾನೂನು ಮಾಡಿದ್ದು 2022ರ ಡಿಸೆಂಬರಿನಲ್ಲಿ. ರುಯೆನ್ ಹಡಗಿನ 35 ಮಂದಿಯನ್ನು ಮುಂಬೈ ಪೊಲೀಸರಿಗೆ ಒಪ್ಪಿಸಿದ್ದು ಅದರಡಿಯಲ್ಲೇ.

ಇದಕ್ಕೂ ಬೆಲೆ ಇದೆ. 2010ರಲ್ಲಿ ‘ಆಸ್ಫಾಲ್ಟ್ ವೆಂಚರ್’ ಹಡಗು ಸಿಕ್ಕಿಬಿತ್ತು. 15 ಮಂದಿಯೂ ಭಾರತೀಯರು. ಮರುವರ್ಷ ಹಣ ಎಣಿಸಿಕೊಂಡ ಮೇಲೆ ಕಳ್ಳರು ಎಂಟು ಜನರನ್ನು ಬಿಟ್ಟು ಏಳು ಜನರನ್ನು ಇಟ್ಟುಕೊಂಡರು. ‘ಭಾರತದ ಜೈಲಿನಲ್ಲಿರುವ ನಮ್ಮವರನ್ನು ಮೊದಲು ಬಿಡಿ’ ಅಂದರು. ಆ ಏಳು ಜನ ಮನೆ ಕಂಡದ್ದು 2014ರ ಕೊನೆಗೆ. ಇದು ಗೊತ್ತಿದ್ದೂ ಹೇಳುತ್ತೇನೆ, ತಂದು ವಿಚಾರಣೆ ಮಾಡಲೇಬೇಕು.

ಪ್ರಶ್ನೆ: ದೂರದ ಸೊಮಾಲಿಯಾದ ಗಲಾಟೆಗೆ ನಮ್ಮ ಬೋಟುಗಳನ್ನು ದೊಡ್ಡ ಹಡಗಿನವರು ಅನುಮಾನದಿಂದ ನೋಡಿದ್ದು ಯಾಕೆ?
– ಮೀನುಗಾರರೊಬ್ಬರು, ಮಲ್ಪೆ

ನಿಮ್ಮ ಸಿಟ್ಟು ನ್ಯಾಯವಾದದ್ದೇ. 2010ರಲ್ಲಿ ಹಡಗು ಉದ್ಯಮದವರು ‘ಹೆಚ್ಚು ಅಪಾಯದ ವಲಯ’ದ ಗೆರೆಯನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಎಳೆದರು. ಅಂದರೆ ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯೂ ಒಳಗೆ. ವಿಮೆ ದುಬಾರಿಯಾಯಿತು, ಹಡಗುಗಳ ಮೇಲೆ ಬಂದೂಕಿನವರು ಬಂದರು. 2012ರ ಫೆಬ್ರವರಿಯಲ್ಲಿ ಕೇರಳದ ಎದುರು ‘ಎನ್ರಿಕಾ ಲೆಕ್ಸಿ’ ಹಡಗಿನಲ್ಲಿದ್ದ ಇಟಲಿಯ ಯೋಧರು ಕಳ್ಳರೆಂದು ತಿಳಿದು ಇಬ್ಬರು ಮೀನುಗಾರರನ್ನು ಕೊಂದರು. 10 ಕೋಟಿ ರೂಪಾಯಿ ಪರಿಹಾರ ಬಂದು ಪ್ರಕರಣ ಮುಗಿದದ್ದು 2021ರಲ್ಲಿ. ಭಾರತ ಪಟ್ಟು ಹಿಡಿದ ಮೇಲೆ 2015ರಲ್ಲಿ ಆ ಗೆರೆ 65 ಡಿಗ್ರಿಗೆ ಸರಿಯಿತು, 2023ರ ಜನವರಿಯಲ್ಲಿ ಪೂರ್ತಿ ಹೋಯಿತು. ನಿಮ್ಮ ಕಡೆಯಿಂದ ಇಷ್ಟು ಮಾಡಿ: ರಾತ್ರಿ ದೀಪ ಆರಿಸಬೇಡಿ, ದೊಡ್ಡ ಹಡಗಿನ ಮೂತಿಯೆದುರು ದಾಟಬೇಡಿ, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ (ತುರ್ತು ಕರೆಯದ್ದು) ತೆರೆದಿಡಿ.

ಪ್ರಶ್ನೆ: ಕಾರವಾರದಿಂದ ಹೊರಟ ನಮ್ಮ ಯುದ್ಧನೌಕೆಯಲ್ಲಿ ಪರದೇಶದವರೂ ಇದ್ದರು ಎನ್ನುವುದು ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಅಂಕೋಲಾ

ನಿಜ. 2025ರ ಏಪ್ರಿಲ್ 5ರಂದು ಹೊರಟ ಐಎನ್‌ಎಸ್ ಸುನಯನಾದಲ್ಲಿ ಕೀನ್ಯಾ, ಟಾಂಜಾನಿಯಾ, ಮಾರಿಷಸ್, ಶ್ರೀಲಂಕಾ ಸೇರಿ 9 ದೇಶಗಳ 44 ಮಂದಿ ಇದ್ದರು. ಒಂದೇ ಬ್ರಿಡ್ಜಿನಲ್ಲಿ (ಹಡಗು ನಡೆಸುವ ಕೋಣೆ) ಜೊತೆಗೆ ವಾಚ್, ಅಂದರೆ ಕಾವಲು ಪಾಳಿ, ಮಾಡಿದವನ ದನಿ ನಾಳೆ ರೇಡಿಯೋದಲ್ಲಿ ಕೇಳಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ. ಸಮ್ಮೇಳನಗಳಿಗಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು. ನೌಕಾಪಡೆ ಸೇರುವ ಆಸೆಯಿದ್ದರೆ ಗಣಿತ, ಭೌತಶಾಸ್ತ್ರ ಬಿಡಬೇಡಮ್ಮ.