ಲೈಸೆನ್ಸ್ ಇದ್ದ ಮೇಲೆ ಪರ್ಮಿಟ್ ಯಾಕೆ?

ಪ್ರಶ್ನೆ: ಬಚ್ಚಲುಮನೆಯನ್ನು ಬೇರೆ ಕಡೆಗೆ ಸರಿಸುತ್ತಿದ್ದೇವೆ. ಪ್ಲಂಬರ್ ಹತ್ತಿರ ಲೈಸೆನ್ಸ್ ಇದೆ, ಆದರೂ ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆಸಿ ಅನ್ನುತ್ತಾರೆ. ಇದು ಸರೀನಾ?

ಉತ್ತರ: ಲೈಸೆನ್ಸ್ ಕೆಲಸ ಮಾಡುವವರಿಗೆ, ಪರ್ಮಿಟ್ ಆ ಕೆಲಸಕ್ಕೆ. ನಲ್ಲಿಯ ವಾಷರ್ ಬದಲಿಸಲು ಸಾಮಾನ್ಯವಾಗಿ ಯಾರೂ ಪರ್ಮಿಟ್ ಕೇಳುವುದಿಲ್ಲ, ಆದರೆ ಹೊಸ ಪೈಪ್ ಎಳೆಯುವುದು, ಒಳಚರಂಡಿಗೆ ಜೋಡಿಸುವುದು ಅಂದರೆ ಹೆಚ್ಚಿನ ಕಡೆ ಬೇಕೇ ಬೇಕು, ಯಾಕೆಂದರೆ ಕೊಳೆ ನೀರು ಹಿಂದಕ್ಕೆ ನುಗ್ಗಿ ಕುಡಿಯುವ ನೀರಿಗೆ ಸೇರಿದರೆ ಕಾಯಿಲೆ ನಿಮ್ಮ ಮನೆಯಲ್ಲೇ ನಿಲ್ಲುವುದಿಲ್ಲ, ಅಲ್ವಾ? ಪರ್ಮಿಟ್ ಯಾರ ಹೆಸರಲ್ಲಿದೆಯೋ ಹೊಣೆಯೂ ಸಾಮಾನ್ಯವಾಗಿ ಅವರದೇ. ಹಾಗಾಗಿ ನಿಮ್ಮ ಪ್ಲಂಬರ್ ಮಾತು ನನಗೆ ಸ್ವಲ್ಪ ಅನುಮಾನ ತರಿಸುತ್ತದೆ. ಲೈಸೆನ್ಸ್ ನಂಬರ್ ಕೇಳಿ, ಅವಧಿ ಮುಗಿದಿದೆಯಾ ಅಂತ ಅದನ್ನು ಕೊಟ್ಟ ಕಚೇರಿಯಲ್ಲೇ ವಿಚಾರಿಸಿ. ಪರ್ಮಿಟ್ ಕೊಟ್ಟವರ ತಪಾಸಣೆ ಆಗುವ ತನಕ ಗೋಡೆ ಮುಚ್ಚಿಸಬೇಡಿ. ಮತ್ತೆ ಒಡೆಸಬೇಕಾದೀತು, ಟೈಲ್ಸ್ ಸಮೇತ!